ಕೆಂಪು ಗೆರೆಯ ಹೊರಗೆ

ರಾತ್ರಿ ಹನ್ನೊಂದೂಕಾಲಿಗೆ ಸುದ್ದಿ ಬಂತು.
ಪುಟ ಆಗಲೇ ಪ್ರೆಸ್ಸಿಗೆ ಹೊರಟಿತ್ತು. ತಡೆದೆ.
ಹದಡಿ ರಸ್ತೆ, ಒಂದು ಕಾರು, ನೆಲ ಕಚ್ಚಿದ ದೀಪದ ಕಂಬ.
ಒಳಗೆ ದುರುಗೇಶ, ಮಂಡಕ್ಕಿ ಭಟ್ಟಿಯ ಹುಡುಗ,
ಗೋವಾದ ಕ್ಲಬ್ಬಿಗೆ ಲೆಫ್ಟ್ ಬ್ಯಾಕ್ ಆಡುವವನು.
ಯಾರಿಗೂ ಪೆಟ್ಟಾಗಿಲ್ಲ ಸಾರ್, ಅಂದ ವರದಿಗಾರ,
ದನಿಯಲ್ಲಿ ಸಣ್ಣ ನಿರಾಸೆ.

'ಕುಡಿದಿದ್ನಾ?'
'ಈಗ ಊದಿಸ್ತಿದಾರೆ.'
'ಊದಲಿ. ಅಷ್ಟರಲ್ಲಿ ನಾವೂ ಊದೋಣ.'

ಭಟ್ಟಿಯಲ್ಲಿ ಅಕ್ಕಿ ಹುರಿಯುವುದನ್ನು ನೋಡಿದ್ದೀರಾ?
ಕಾದ ಮರಳಿಗೆ ಒಂದು ಸೇರು ಬಿದ್ದರೆ
ರೆಪ್ಪೆ ಬಡಿಯುವುದರೊಳಗೆ ಚೀಲ ತುಂಬುತ್ತದೆ,
ತೂಕ ಮಾತ್ರ ಅಷ್ಟೇ.
ನಮ್ಮ ಡೆಸ್ಕಿನಲ್ಲೂ ಮರಳು ಕಾದಿತ್ತು.

'ಮತ್ತಿನಲ್ಲಿ' ಎಂದು ಮೊದಲು ಬರೆದೆ.
'ನಶೆ' ಅನ್ನಿ, ಎರಡೇ ಅಕ್ಷರ, ದಪ್ಪಗೆ ಕೂರುತ್ತೆ,
ಅಂದ ಪುಟ ಕಟ್ಟುವ ಕರಿಬಸಪ್ಪ.
ಜನ ಗಾಂಜಾ ಅಂದ್ಕೋತಾರಲ್ಲೋ, ಅಂದೆ.
ಅಂದ್ಕೊಳ್ಳಲಿ, ಪ್ರಶ್ನೆ ಚಿಹ್ನೆ ಹಾಕಿದರಾಯ್ತು.
ಹಾಕಿದೆವು:
ಕುಡುಗೋಲಿನಂತೆ ಬಾಗಿ
ಕೆಳಗೊಂದು ತೊಟ್ಟು ಬೀಳಿಸಿದ ಚಿಹ್ನೆ.

ಮೂರು ವರ್ಷದ ಹಿಂದೆ ಇವನು
ಗೋಲಿನ ಗೆರೆಯ ಮೇಲೆ ಮಲಗಿ ಚೆಂಡು ತಡೆದು
ತಂಡ ಉಳಿಸಿದ ದಿನ
ಮೆಕ್ಕೆಜೋಳದ ಧಾರಣೆಗೂ ನಿಧನ ವಾರ್ತೆಗೂ ನಡುವೆ
ಉಳಿದ ಜಾಗಕ್ಕೆ ನಾಲ್ಕು ಸಾಲು ತುರುಕಿದ್ದೆ.
ಹೆಸರೂ ತಪ್ಪು. ದುರ್ಗಪ್ರಸಾದ್ ಅಂತಿತ್ತು.

ಈಗ ಮುಖಪುಟಕ್ಕೆ ಫೋಟೊ ಬೇಕು. ನಮ್ಮಲ್ಲಿ ಒಂದೂ ಇಲ್ಲ.
ವರದಿಗಾರ ಭಟ್ಟಿ ಓಣಿಗೆ ಬೈಕು ತಿರುಗಿಸಿ
ಅಕ್ಕ ಹಾಲಮ್ಮನ ಬಾಗಿಲು ಬಡಿದ.
'ತಮ್ಮನ ಸಾಧನೆ ಬಗ್ಗೆ ಬರೀತಿದೀವಿ.'
ಅರೆನಿದ್ದೆಯಲ್ಲೇ ಆಕೆ ಗೋಡೆಯಿಂದ ಕಟ್ಟು ಇಳಿಸಿ,
ಸೆರಗಿನಲ್ಲಿ ಗಾಜೊರೆಸಿ,
ಹಿಂದಿನ ಮೊಳೆಗಳನ್ನು ಒಂದೊಂದೇ ಕಿತ್ತು ಕೊಟ್ಟಳಂತೆ.
ಚಾ ಕುಡೀತೀರಾ ಅಂತಲೂ ಕೇಳಿದಳಂತೆ.

ಹೈಸ್ಕೂಲ್ ಮೈದಾನ. ಹದಿನಾರರ ದುರುಗೇಶ. ಬರಿಗಾಲು.
ಎಡಪಾದದ ಅಡಿ ಹೊಲಿಗೆ ಬಿಟ್ಟ ಚೆಂಡು.
ಕಂಪ್ಯೂಟರಿದ್ದರೂ ನನ್ನದು ಹಳೇ ಚಟ,
ಕೆಂಪು ಪೆನ್ನು ಹಿಡಿದು
ಕತ್ತಿನಿಂದ ಮೇಲೆ ನಾಲ್ಕು ಗೆರೆ ಎಳೆದೆ. ಮುಖ ಸಾಕು.
ನಗುತ್ತಿದ್ದ. ಪರವಾಗಿಲ್ಲ,
ಆ ತಲೆಬರಹದ ಕೆಳಗೆ ಯಾವ ನಗೆಯೂ
ಕುಡಿದಂತೆಯೇ ಕಾಣುತ್ತದೆ.

ಒಂದೂವರೆಗೆ ಪುಟ ಹೋಯಿತು.
ದಿನದಂತೆ ನಾನು, ಕರಿಬಸಪ್ಪ
ಪಿ.ಬಿ. ರಸ್ತೆಯ ಅರ್ಧ ಇಳಿಸಿದ ಶಟರಿನ ಅಡಿ ನುಸುಳಿ
ತಲಾ ಒಂದು ಕ್ವಾರ್ಟರು, ಮಿರ್ಚಿ, ನರ್ಗೀಸ್ ಮಂಡಕ್ಕಿ.
ಮೂರಕ್ಕೆ ಗಾಂಧಿ ಸರ್ಕಲ್ಲಿನಲ್ಲಿ ಪೇದೆ ಲಾಠಿ ಚಾಚಿದ.
ಸ್ಕೂಟರಿನ ಮೂತಿಯ ಮೇಲೆ 'ಪ್ರೆಸ್' ಓದಿ
ಇಳಿಸಿದ.
'ನಿಧಾನ ಹೋಗ್ರಿ ಸಾರ್,
ಹದಡಿ ರೋಡಲ್ಲಿ ಕಂಬ ಬಿದ್ದೈತೆ, ಕತ್ತಲು.'
ಊದು ಅಂತ ನನಗೆ ಯಾರೂ ಹೇಳಲಿಲ್ಲ.

ಹನ್ನೆರಡು ದಿನಕ್ಕೆ ವರದಿ ಬಂತು.
ರಕ್ತದಲ್ಲಿ ಮದ್ಯ ಇತ್ತು. ಗಾಂಜಾ ಇರಲಿಲ್ಲ.
ಇತ್ತು ಅನ್ನುವುದು ಹಳೇ ಸುದ್ದಿ,
ಇರಲಿಲ್ಲ ಅನ್ನುವುದಕ್ಕೆ ಆ ದಿನ ಜಾಗವಿರಲಿಲ್ಲ.
ಕ್ಲಬ್ಬಿನವರು ಅಷ್ಟರಲ್ಲಿ ಪತ್ರ ಕಳಿಸಿಯಾಗಿತ್ತು,
ನಮ್ಮದೇ ಪುಟದ ನಕಲು ಲಗತ್ತಿಸಿ.

ಹಾಲಮ್ಮ ಮೆಟ್ಟಿಲು ಹತ್ತಿ ಬಂದಳು.
ಬೈಯುತ್ತಾಳೆಂದು ಉತ್ತರ ಹೊಂದಿಸಿಕೊಂಡಿದ್ದೆ:
ಕುಡಿದಿದ್ದು ಸುಳ್ಳೇನಮ್ಮ?
ಆಕೆ ಅದನ್ನು ಕೇಳಲೇ ಇಲ್ಲ.
'ಫೋಟೊ ಕೊಡ್ರಿ ಸಾರ್. ನಮ್ತಾವ ಅದೊಂದೇ ಐತೆ.'

ಡ್ರಾಯರಿನ ತಳದಲ್ಲಿತ್ತು.
ಎಂಜಲು ಹಚ್ಚಿ ಕೆಂಪು ಗೆರೆ ಉಜ್ಜಿದೆ,
ಕತ್ತಿನ ಸುತ್ತ ಇನ್ನಷ್ಟು ಹರಡಿತು.
ಆಕೆ ಈಸಿಕೊಂಡು ಬೆಳಕಿಗೆ ಹಿಡಿದಳು.
ಹಣೆಯಿಂದ ಬೆರಳು ಜಾರಿಸುತ್ತ ಗೆರೆ ದಾಟಿ,
ಅಂಗಿ ದಾಟಿ, ಮಂಡಿ ದಾಟಿ,
ಚೆಂಡಿನ ಮೇಲೆ ನಿಲ್ಲಿಸಿ

'ಇದನ್ಯಾಕೆ ಬಿಟ್ರಿ?'

ಕರಿಬಸಪ್ಪ ಎದ್ದು ಫ್ಯಾನು ಜೋರು ಮಾಡಿದ.