ಬಕೆಟ್ಟಿನ ತಳ

ನಿನ್ನೆ ಸಂಜೆ ಒತ್ತಿ ನೋಡಿದಾಗ ಇನ್ನೂ ಕಲ್ಲು.
ಇವತ್ತು ಬೆಳಿಗ್ಗೆ ಬೆರಳು ಒಳಗೇ ಇಳಿಯಿತು.
ಜರ್ದಾಳು ಹಾಗೆಯೇ, ಹೇಳಿ ಕೇಳಿ ಹಣ್ಣಾಗುವ ಜಾತಿಯಲ್ಲ.
ನಡುವೆ ಇರುವುದು ಒಂದೇ ರಾತ್ರಿ,
ಆ ರಾತ್ರಿ ನೀವು ನಿದ್ದೆ ಮಾಡಿರುತ್ತೀರಿ.

ಒಣಗಿಸುತ್ತೇವೆ, ನಿಜ. ಚಾವಣಿಯ ಮೇಲೆ ಹಾಸಿ
ಬಿಸಿಲು ಕುಡಿಸಿ, ಡಬ್ಬಿಗೆ ತುಂಬಿ,
ಜನವರಿಯಲ್ಲಿ ಚಹಾದ ಜೊತೆ ಅಗಿಯುತ್ತೇವೆ.
ಅದು ಜರ್ದಾಳಿನ ನೆನಪು. ಹಲ್ಲಿಗೆ ಅಂಟುತ್ತದೆ.
ನಾನು ಹೇಳುತ್ತಿರುವುದು ರಸದ ಮಾತು,
ಮೊಣಕೈವರೆಗೆ ಇಳಿಯುವಂಥದು.

ನಮ್ಮೂರಿನ ಎಲ್ಲ ಕಿಟಕಿಗಳಿಗೂ ಮಾಸಿಸ್ ಬೆಟ್ಟ ಕಾಣುತ್ತದೆ.
ಗಡಿಯ ಆಚೆ. ಕೈ ಚಾಚಿದರೆ ಹಿಮ ಸಿಗುವಷ್ಟು ಹತ್ತಿರ,
ಹೋಗಲಾರದಷ್ಟು ದೂರ.
ಅಜ್ಜ ‘ಒಂದು ದಿನ’ ಎನ್ನುತ್ತಿದ್ದ. ಅಪ್ಪನೂ ‘ಒಂದು ದಿನ’ ಎಂದ.
ಹಾಗಾಗಿ ಆ ಎರಡು ಶಬ್ದ ನಮ್ಮ ಬಾಯಿಗೆ ಸಲೀಸು.
ಹಲ್ಲಿನ ಡಾಕ್ಟರಿಗೂ ಒಂದು ದಿನ,
ಸೋರುವ ನಲ್ಲಿಗೂ ಒಂದು ದಿನ,
ಮಾತೆವೊಸ್‌ನ ಬಾಗಿಲಿಗೂ.

ಮಾತೆವೊಸ್ ನನ್ನ ತಮ್ಮ. ನಾಲ್ಕು ಮನೆ ಆಚೆ.
ಹನ್ನೊಂದು ವರ್ಷದ ಹಿಂದೆ ಒಂದು ರಾತ್ರಿ
ಕಾಲುವೆ ನೀರಿನ ಸರದಿ ನನ್ನದಿತ್ತು, ಹಲಗೆ ಎತ್ತಿದ್ದು ಅವನು.
ಅವನ ಪ್ರಕಾರ ಸರದಿ ಅವನದು.
ಎರಡು ಗಂಟೆಯ ನೀರು. ನಿಮಗೆ ನಗು ಬರಬಹುದು.
ಆ ಎರಡು ಗಂಟೆಯ ನೀರು
ಹನ್ನೊಂದು ವರ್ಷ ಹರಿಯುತ್ತಲೇ ಇತ್ತು ನಮ್ಮಿಬ್ಬರ ನಡುವೆ,
ಯಾವ ಬೇರಿಗೂ ತಾಗದೆ.

ಪ್ರತಿ ಜೂನಿನಲ್ಲೂ ಅಂದುಕೊಂಡೆ: ಈ ಕೊಯ್ಲು ಮುಗಿಯಲಿ.
ಕೊಯ್ಲು ಮುಗಿದ ಮೇಲೆ: ಮುಂದಿನ ಹೂ ಬಿಡಲಿ.
ಒಂದು ವರ್ಷ ಹಿಮ ಬಿದ್ದು ಹೂವೆಲ್ಲ ಕಪ್ಪಾಯಿತು,
ಕೊಡಲು ಏನೂ ಇರಲಿಲ್ಲ,
ನನಗೆ ಒಳಗೊಳಗೇ ಸಮಾಧಾನ.

ಇವತ್ತು ಏನೂ ವಿಶೇಷವಿಲ್ಲ. ಯಾರೂ ಸತ್ತಿಲ್ಲ.
ಕನಸು ಬಿದ್ದಿಲ್ಲ, ಪಾದ್ರಿ ಏನೂ ಹೇಳಿಲ್ಲ.
ಏಣಿಯ ಮೇಲೆ ನಿಂತಿದ್ದೆ, ಕೈಯಲ್ಲಿ ಒಂದು ಹಣ್ಣು,
ಆಗ ತಾನೇ ಮೊಟ್ಟೆಯಿಟ್ಟ ಕೋಳಿಯ ಗೂಡಿನಷ್ಟು ಬೆಚ್ಚಗೆ.
ಇದು ನಾಳೆಗೆ ಇರುವುದಿಲ್ಲ ಎಂದು ಕೈಗೆ ಗೊತ್ತಾಯಿತು.
ತಲೆಗೆ ತಿಳಿಯುವ ಮೊದಲೇ ಕಾಲು ಇಳಿದಿತ್ತು.
ಏಪ್ರನ್ ಬಿಚ್ಚಲಿಲ್ಲ. ಬಿಚ್ಚಿದ್ದರೆ ತಲೆ ಬಾಚಬೇಕಿತ್ತು,
ತಲೆ ಬಾಚಲು ಕನ್ನಡಿ, ಕನ್ನಡಿ ಎಂದ ಮೇಲೆ
ಕತೆ ಮುಗಿದಂತೆಯೇ, ಮತ್ತೊಂದು ಜೂನ್.

ನಾಲ್ಕು ಮನೆ. ಅರುಸ್ಯಾಕ್ ಕಂಬಳಿ ಕೊಡವುವುದನ್ನು ನಿಲ್ಲಿಸಿ
ನೋಡುತ್ತಲೇ ನಿಂತಳು.
ಬಕೆಟ್ಟಿನ ತಂತಿ ಹಿಡಿ ಬೆರಳು ಕೊರೆಯಿತು.

ಅವನು ಅಂಗಳದಲ್ಲಿ ಪಂಪು ಬಿಚ್ಚಿ ಹಾಕಿಕೊಂಡು ಕೂತಿದ್ದ.
ಕೂದಲು ಅಪ್ಪನಷ್ಟೇ ಬಿಳಿ. ಇದು ಯಾವಾಗ ಆಯಿತು?
ಇಷ್ಟು ವರ್ಷ ಗೋಡೆಯ ಮೇಲಿಂದ ಟೋಪಿ ಮಾತ್ರ ಕಾಣುತ್ತಿತ್ತು ನನಗೆ.
ನಾನು ಮಾತು ಜೋಡಿಸಿಕೊಂಡು ಹೋಗಿರಲಿಲ್ಲ.
ಅವನು ನನ್ನನ್ನು ನೋಡಲಿಲ್ಲ, ಹಣ್ಣು ನೋಡಲಿಲ್ಲ,
‘ಆ ಬಕೆಟ್ಟು ನನ್ನದು’ ಎಂದ.

ಹೌದು, ಅವನದೇ. ಆ ಬೇಸಿಗೆಯಲ್ಲಿ ಕೇಳಿ ತಂದದ್ದು.
‘ತಂದಿದ್ದೇನಲ್ಲ’ ಎಂದೆ.

ತಳದ ಹಣ್ಣು ದಾರಿಯಲ್ಲೇ ಅಪ್ಪಚ್ಚಿ.
‘ಕೆಳಗಿನದು ಮೊದಲು’ ಎಂದು ಕೈ ಇಳಿಸಿದ,
ಗ್ರೀಸು ಮೆತ್ತಿದ ಕೈ. ತೊಳೆದುಕೊಂಡು ಬಾ ಎನ್ನಬೇಕೆನಿಸಿತು,
ಎನ್ನಲಿಲ್ಲ. ತಿಂದೆವು. ಗ್ರೀಸಿನ ರುಚಿಯೂ ಇತ್ತು.
ನೀರಿನ ಸರದಿ ಯಾರದೆಂದು ಈಗಲೂ ಇತ್ಯರ್ಥವಾಗಿಲ್ಲ.
ನನ್ನದೇ.

ಬೀಜಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟ, ಸುತ್ತಿಗೆ ತಂದ.
ಬೇರೆ ಬೇರೆ ಮರದವು ಬೆರೆತಿದ್ದವು, ಕೆಲವು ಸಿಹಿ, ಕೆಲವು ಕಹಿ,
ಹೊರಗಿನಿಂದ ನೋಡಿ ಹೇಳುವವರು ಹುಟ್ಟಿಲ್ಲ.
ಚಿಕ್ಕಂದಿನ ಹಾಗೆ ಮೊದಲನೆಯದನ್ನು ನನ್ನ ಕಡೆ ತಳ್ಳಿದ.
ಒಡೆದೆ.