ಬಾಂದುಗಲ್ಲು

ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ, ದಪ್ಪವಿಲ್ಲ.
ಮಗಳು ಜಹೀರಾ ಬಾಯಿಪಾಠ ಮಾಡುತ್ತಿದ್ದಾಳೆ.
ನಾನು ಅಂಗಾಲಿನ ಜಾಲಿಮುಳ್ಳು ಕೆದಕುತ್ತ ಕೇಳುತ್ತಿದ್ದೇನೆ.

ಇಪ್ಪತ್ತಾರು ವರ್ಷ ಮೋಜಣಿ ಮಾಡಿದವನು ನಾನು.
ಸವಣೂರಿನ ಸುತ್ತ ಎರಿಹೊಲಗಳಲ್ಲಿ
ಅಂಥ ಬಿಂದು ಒಂದೂ ಸಿಕ್ಕಿಲ್ಲ.
ಸಿಕ್ಕದ್ದೆಲ್ಲ ಕಲ್ಲು:
ಮೊಣಕಾಲುದ್ದ, ಅರ್ಧ ನೆಲದಲ್ಲಿ ಹೂತದ್ದು,
ನೆತ್ತಿಯ ಮೇಲೆ ಒಂದನ್ನೊಂದು ಕಡಿಯುವ ಎರಡು ಗೀರು.
ಕೆಲವಕ್ಕೆ ಸುಣ್ಣ, ಕೆಲವಕ್ಕೆ ಕುಂಕುಮ,
ಒಂದಕ್ಕೆ ಎಮ್ಮೆ ಕಟ್ಟಿದ್ದರು.

ಇವತ್ತು ಅದೂ ಇರಲಿಲ್ಲ.
ಬಾವಿಯ ಹತ್ತಿರದ ಕಲ್ಲು ಇದ್ದಲ್ಲೇ ಇತ್ತು,
ಮೂಡಣ ತುದಿಯದು ಕಾಣೆ.
ಅಣ್ಣ ಗುರುಪಾದಪ್ಪ ಇತ್ತ ಬೆರಳು ಮಾಡಿದ,
ತಮ್ಮ ಬಸವಣ್ಣೆಪ್ಪ ಅತ್ತ.
ಇರುವುದು ಒಂದೇ ಬಿಂದು ಆದರೆ
ಅದರ ಮೇಲೆ ಗೆರೆ ಎಷ್ಟು ಬೇಕಾದರೂ ಹಾಯುತ್ತವೆ,
ಒಂದೊಂದಕ್ಕೂ ಒಬ್ಬೊಬ್ಬ ವಕೀಲ.

ಬಾವಿಯ ಬಳಿ ಜಗಳ ಸೊನ್ನೆ.
ಹತ್ತು ಹೆಜ್ಜೆ ಹೋದರೆ ಒಂದು ಗೇಣು.
ಹತ್ತಿಯ ಸಾಲು ಮುಗಿಯುವಲ್ಲಿ ನಾಲ್ಕು ಮಾರು.
ಕೋನ ಮಾತ್ರ ಅಷ್ಟೇ,
ಕೂದಲೆಳೆಯಷ್ಟೂ ಬೆಳೆದಿಲ್ಲ.
ಇದನ್ನು ಅವರಿಗೆ ಹೇಗೆ ಹೇಳುವುದು?
ಹೇಳಲಿಲ್ಲ. ಚಹಾ ಕೊಟ್ಟರು, ಕುಡಿದೆ.

ಸರಪಳಿಯ ಆ ತುದಿಗೆ ಫಕ್ಕೀರಪ್ಪ, ಈ ತುದಿಗೆ ನಾನು.
ಮಧ್ಯಾಹ್ನದ ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ,
ಹೊಲ ಕುಗ್ಗುತ್ತದೆ.
ಬುಕ್ಕಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಮೂರು ಗಂಟೆಗೆ ಕಲ್ಲು ಸಿಕ್ಕಿತು,
ಮನೆಯ ಹಿಂದೆ, ಬಚ್ಚಲ ಮೋರಿಯ ಪಕ್ಕ.
ಹನ್ನೆರಡು ವರ್ಷದಿಂದ ಅದರ ಮೇಲೆ ಅರಿವೆ ಒಗೆಯುತ್ತಿದ್ದಾರೆ.
ಗೀರು ಸವೆದು ನುಣ್ಣಗಾಗಿ,
ಸಾಬೂನಿನ ನೊರೆಯಡಿ ಕೈಯಾಡಿಸಿದಾಗಷ್ಟೇ
ಬೆರಳಿಗೆ ತಾಗಿತು.
ಅಣ್ಣನ ಅಂಗಿ, ತಮ್ಮನ ಧೋತರ,
ಇಬ್ಬರ ಕೊಳೆಯೂ ಹೋದದ್ದು ಅದರ ಮೇಲೆಯೇ.
"ನಾನs ತಂದಿಟ್ಟಿದ್ದೆ" ಎಂದಳು ನೀಲವ್ವ, ತವರಿಗೆ ಬಂದ ತಂಗಿ.
"ಮದಿವಿಗಿಂತ ಮದ್ಲ. ಹೊಲದಾಗ ಸುಮ್ನ ನಿಂತಿತ್ತರೀ,
ಕೆಲಸಕ್ಕರ ಬರ್ಲಿ ಅಂತ."
ಫಕ್ಕೀರಪ್ಪ ನಕ್ಕ. ಉಳಿದ ಗಂಡಸರು ನಗಲಿಲ್ಲ.

ಉತಾರದಲ್ಲಿ ಅವಳ ಹೆಸರಿಲ್ಲ.
ಎರಡು ಬಿಂದುಗಳ ನಡುವೆ ಗೆರೆ ಇರುತ್ತದೆ,
ಜಾಗ ಇರುವುದಿಲ್ಲ.
ಅಣ್ಣ ಬಾವಿಯ ಬಳಿ, ತಮ್ಮ ಬದುವಿನ ಕೊನೆಗೆ,
ಇವಳು ಗೆರೆ ಬಿಟ್ಟು ದೂರ, ಬೇವಿನ ಗಿಡದ ಕೆಳಗೆ
ಬುತ್ತಿ ಹಿಡಿದು ನಿಂತಾಗಲೇ
ಅಲ್ಲೊಂದು ಹೊಲ ಇದೆ ಅನ್ನಿಸಿತು.
ಪೆನ್ಸಿಲಿನಲ್ಲಿ ಮೂರು ಗೆರೆ ಎಳೆದೆ.
ಅಳಿಸಿದೆ. ನಕಾಶೆಗೆ ಅದು ಬೇಡ.
ಸೀಸ ಹೋಯಿತು, ಒತ್ತು ಉಳಿಯಿತು.
ಕಾಗದವನ್ನು ಬೆಳಕಿಗೆ ಓರೆ ಹಿಡಿದರೆ ಈಗಲೂ ಕಾಣುತ್ತದೆ.

"ಅಬ್ಬಾ, ಗೆರಿಗೆ ಎರಡೂ ಕಡೆ ಬಾಣ ಯಾಕ ಹಾಕ್ಯಾರ?
ಎಲ್ಲಿಗೆ ಹೊಂಟೈತಿ ಇದು?"
ಆ ಬದುವನ್ನು ಎಳೆಯುತ್ತ ಹೋದರೆ
ಪಡುವಲಿಗೆ ಬಂಕಾಪುರದ ಕೋಟೆಯ ನವಿಲುಗಳ ನಡುವೆ ಹಾಯ್ದು,
ಮೂಡಲಿಗೆ ಲಕ್ಷ್ಮೇಶ್ವರದ ಕಡೆ ಯಾರದೋ ಪಡಸಾಲೆ ಸೀಳಿ,
ಮಲಗಿದವರನ್ನು ಎಬ್ಬಿಸದೆ, ಕಲ್ಲುಗಳನ್ನು ಕೇಳದೆ ಹೋಗುತ್ತದೆ.
ನಾವು ಕಡಿದು ಕೊಡುವುದು ಅದರದೊಂದು ತುಂಡು,
ಎರಡು ತುದಿಗೂ ಕಲ್ಲು ಬಡಿದು.
ರೇಖಾಖಂಡ. ಮೇಲೊಂದು ಸರಕಾರದ ಮೊಹರು.
"ದೂರ ಹೊಂಟೈತಿ" ಎಂದೆ. ಬರೆದುಕೊಂಡಳೋ ಏನೋ.

ಗೆರೆಗೆ ಅಗಲವಿಲ್ಲ ಅನ್ನುತ್ತಾಳಲ್ಲ,
ಇವತ್ತು ಯಾರೂ ಹೇಳದಿದ್ದರೂ ಆ ಬದುವಿನ ಅಗಲ ಅಳೆದೆ.
ಒಂದೂವರೆ ಗೇಣು.
ಅಷ್ಟರಲ್ಲಿ ಗರಿಕೆ, ಇರುವೆಗೂಡು, ಒಡೆದ ಹಸಿರು ಬಳೆ,
ಯಾರೂ ಹಚ್ಚದ ಒಂದು ಕುಂಬಳದ ಬಳ್ಳಿ.
ಎರಡೂ ಕಡೆ ಕಾಯಿ ಬಿಟ್ಟಿದೆ.

ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ...
ಮತ್ತೆ ಮೊದಲಿನಿಂದ ಶುರು ಮಾಡಿದಳು.
ಮುಳ್ಳು ಹೊರಬಂತು.
ಅದರ ಮೊನೆಯನ್ನು ದೀಪಕ್ಕೆ ಹಿಡಿದು ನೋಡಿದೆ,
ಇದೇ ಇರಬೇಕು ಅದಕ್ಕೆ ಹತ್ತಿರದ್ದು.
ಅಂಗಾಲಿನಲ್ಲಿ, ಅದು ಇದ್ದ ಜಾಗದಲ್ಲಿ,
ಕೆಂಪಗೆ ಒಂದು ಹನಿ,
ನಿಧಾನ ದುಂಡಗಾಗುತ್ತಿದೆ.