ರೆಕ್ಕೆ

ಹೋದ ವರ್ಷ ದಾವಣಗೆರೆಯ ಇದೇ ಟಾಕೀಸಿನಲ್ಲಿ
ಹಸಿರು ರೆಕ್ಕೆ ಕಟ್ಟಿಕೊಂಡು ಹಾರಿದವನು
ಈ ಸಲ ಕಬ್ಬಿಣದ ಕೈಯವನು.
ಹೆಸರು ಬೇರೆ, ಊರು ಬೇರೆ,
ಗದ್ದದ ಗುಳಿ ಮಾತ್ರ ಅದೇ.

'ಸತ್ತಿದ್ನಲ್ಲೋ ಇವ!' ಅಂತ ದಾದಾಪೀರ
ಮಂಡಕ್ಕಿಯನ್ನೆಲ್ಲ ನನ್ನ ತೊಡೆ ಮೇಲೆ ಚೆಲ್ಲಿದ.
ಭಟ್ಟಿಯ ಮಸಿ ಇನ್ನೂ ಅವನ ಕಿವಿಯ ಹಿಂದೆ.
ಬೇರೆ ಪಾತ್ರ ಕಣೋ, ಅಂದೆ.
ಕೇಳಲಿಲ್ಲ.

ಪರದೆಯ ಮೇಲೆ ಎಪ್ಪತ್ತನೇ ಮಹಡಿ.
ಹಿಂದೆ ಬಂದೂಕು, ಮುಂದೆ ಬರೀ ಗಾಳಿ.
ಇಡೀ ಬಾಲ್ಕನಿ ಉಸಿರು ಹಿಡಿದಿತ್ತು,
ಮಿರ್ಚಿ ಕಚ್ಚಿದ ಬಾಯಿ ಕಚ್ಚಿದಂತೆಯೇ.
ಇವನೊಬ್ಬ ಕುರ್ಚಿ ಹತ್ತಿ ನಗುತ್ತಾ ಕೂಗಿದ:
'ಹೆದರಬ್ಯಾಡಣ್ಣ, ಹಾರು!
ನಿಂಗೆ ರೆಕ್ಕೆ ಐತಿ, ಮರ್ತಿಯೇನು?'

ಕಬ್ಬಿಣದ ಕೈಯವನು
ಒಂದು ಕ್ಷಣ
ತನ್ನ ಹೆಗಲನ್ನು ತಡವಿ ನೋಡಿಕೊಂಡ.